ನೆಲಕ್ಕಂಟಿದ ಕಾರಿನಲ್ಲಿ ಬಿ.ಎ. ಓದಿದ್ದು

ನಾನು ಡಿಗ್ರಿ ಮಾಡುವುದು ಆಗದ ಕೆಲಸ ಎಂದು ಬಾಯಿಬಿಟ್ಟು ಹೇಳಿದವರು ನನ್ನ ಗಂಡನ ದೊಡ್ಡಪ್ಪ. ಮನೆಯಲ್ಲಿ ಎಲ್ಲರೂ ಅವರನ್ನು ಬಡೇ ಅಬ್ಬಾ ಅನ್ನುತ್ತಿದ್ದರು. ನಾನು ಆಗಿನ ಕೋಲಾರ ಜಿಲ್ಲೆಯ ಶಿಡ್ಲಘಟ್ಟದಿಂದ ಮದುವೆಯಾಗಿ ಬ್ಯಾಡಗಿಗೆ ಬಂದು ಆಗ ಹನ್ನೆರಡು ದಿನವಾಗಿತ್ತು. ಪಡಸಾಲೆಯಲ್ಲಿ ಗಂಡಸರು ಚಹಾ ಕುಡಿಯುತ್ತಿದ್ದರು. ನಾನು ಪರದೆಯ ಹಿಂದೆ ನಿಂತು, ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮುತ್ತಿದ್ದೆ.

ಕೆಮ್ಮಿಗೆ ಕಾರಣ ಕಾಯಿಲೆಯಲ್ಲ, ಗಾಳಿ. ನಮ್ಮ ಶಿಡ್ಲಘಟ್ಟಕ್ಕೆ ಬಂದ ಹೊಸಬರು ರೇಷ್ಮೆಗೂಡು ಬೇಯುವ ವಾಸನೆಗೆ ಮೂಗು ಮುಚ್ಚಿಕೊಳ್ಳುವುದನ್ನು ನೋಡಿ ನಾವು ಮಕ್ಕಳು ನಗುತ್ತಿದ್ದೆವಲ್ಲ, ಆ ನಗುವಿನ ಫಲವನ್ನು ಇಲ್ಲಿ ಉಂಡೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಘಾಟು ಗೋಡೆಯಲ್ಲಿದೆ, ಹಾಸಿಗೆಯಲ್ಲಿದೆ, ಒಗೆದು ಒಣಹಾಕಿದ ಬಟ್ಟೆಯಲ್ಲೂ ಇದೆ. ನಾನು ಸೀನಿ ಸೀನಿ ಅಳುವಂತಾದರೆ ಅದೇ ಕೋಣೆಯಲ್ಲಿ ಹಸುಗೂಸೊಂದು ನಿದ್ದೆ ಮಾಡುತ್ತಿತ್ತು.

ನಮ್ಮಪ್ಪ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಕೂಲಿ. ಬಿಸಿನೀರಿನಲ್ಲಿ ಬೆಂದು ಬೆಂದು ಅವರ ಬೆರಳ ತುದಿಗೆ ಗೆರೆಗಳೇ ಇರಲಿಲ್ಲ. ನಿಕಾಹ್ ದಿನ ಹಿರಿಯರೆಲ್ಲರ ಮುಂದೆ ಅವರು ಬೀಗರಲ್ಲಿ ಒಂದೇ ಒಂದು ಮಾತು ಕೇಳಿದ್ದರು: "ಹುಡುಗಿ ಪಿಯುಸಿ ಪಾಸಾಗವ್ಳೆ. ನಮ್ಮ ವಂಶದಲ್ಲೇ ಅಷ್ಟು ಓದ್ದೋರಿಲ್ಲ. ಮುಂದಕ್ಕೆ ಓದಿಸ್ಬೇಕು." ನನ್ನ ಮಾವ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ, ಮಾತು ಕಡಿಮೆ. "ಓದಸ್ತೇನಿ" ಎಂದಿದ್ದರು. ಅದನ್ನು ಹೇಗೆ ನಡೆಸುವುದು ಎಂಬುದೇ ಆ ದಿನದ ಪಡಸಾಲೆಯ ಮಾತು. ಡಿಗ್ರಿ ಕಾಲೇಜು ಇದ್ದದ್ದು ರಾಣೆಬೆನ್ನೂರಿನಲ್ಲಿ.

"ಬಸ್ಸಿನ್ಯಾಗ ಕಳಸ್ತೀಯೇನು ಸೊಸೀನ?" ಬಡೇ ಅಬ್ಬಾ ಕೇಳಿದರು. "ಗಂಡಸರ ನಡಕ ಜೋತಾಡಕೋಂತ ಹೋಗೂದು?"

"ಬಸ್ಸು ಬ್ಯಾಡ" ಎಂದರು ಮಾವ.

"ಮತ್ತ ಡ್ರೈವರ್ ಇಡ್ತೀಯೇನು? ದಿನಾ ಪರಗಂಡಸಿನ ಕೂಡ ಅಷ್ಟು ದೂರ?"

"ಡ್ರೈವರ್ರೂ ಬ್ಯಾಡ."

"ಹಂಗಾರ ಆಕೀನಽ ಹೊಡಕೊಂಡು ಹೋಗ್ಲಿ ತಗೊ! ಐತೆಲ್ಲ ಅಂಗಳದಾಗ ನಿನ್ನ ಮಗನ ವಿಮಾನ! ಆಕಿ ಅದನ್ನ ಹೊಡಿಯೂದೂ ಆಗೂದಿಲ್ಲ, ಡಿಗ್ರಿ ತರೂದೂ ಆಗೂದಿಲ್ಲ."

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಬಟ್ಟಲು ಕೆಳಗಿಟ್ಟು, "ಅಣ್ಣಾ, ನೀ ಹೇಳಿದ್ದು ಖರೇ ಐತಿ. ಆಕೀನಽ ಹೊಡೀಲಿ" ಎಂದರು.

ಹೀಗೆ, ಹೆಣ್ಣುಮಗಳನ್ನು ಮರೆಯಲ್ಲಿಡಬೇಕೆಂದೇ ಯೋಚಿಸುತ್ತ ಯೋಚಿಸುತ್ತ ನಮ್ಮ ಮನೆಯವರು ನನ್ನನ್ನು ಊರಿನಲ್ಲೇ ಅತಿ ಹೆಚ್ಚು ಸದ್ದು ಮಾಡುವ ಕಾರಿನಲ್ಲಿ ಕೂರಿಸಿದರು.

ಆ ಕಾರಿನ ವಿಷಯ ಹೇಳಬೇಕು. ನನ್ನ ಗಂಡ ಇಮ್ತಿಯಾಜ್ ಎಂಜಿನಿಯರಿಂಗ್ ಓದಲು ಮದರಾಸಿಗೆ ಹೋದವರು ಅಲ್ಲಿ ರೇಸಿನ ಹುಚ್ಚು ಹಿಡಿಸಿಕೊಂಡು ಓದು ಬಿಟ್ಟು ಬಂದರು. 'ಸಾಹೇಬ್ರ ಮಗ ಡಿಗ್ರಿ ತರಾಕ ಹೋಗಿ ಕಾರು ತಂದಾನ' ಎಂದು ಊರವರು ಆಡಿಕೊಂಡಿದ್ದರಂತೆ. ಎರಡು ಬಾಗಿಲಿನ ಕೆಂಪು ಕಾರು. ಸ್ಪ್ರಿಂಗ್ ಕತ್ತರಿಸಿ ಅದನ್ನು ಎಷ್ಟು ತಗ್ಗಿಸಿದ್ದರೆಂದರೆ, ನೆಟ್ಟಗಿಟ್ಟ ಚಹಾ ಲೋಟ ಅದರ ಹೊಟ್ಟೆಯಡಿ ಹೋಗುತ್ತಿರಲಿಲ್ಲ. ಟೈರು ಅಗಲ, ಮೆತ್ತನೆ, ಗೀರುಗಳು ಹೆಸರಿಗೆ ಮಾತ್ರ. "ಇವು ಬ್ಯಾಸಗಿ ಟೈರು. ಪರದೇಶದಾಗ ಬ್ಯಾಸಗಿಗೊಂದು ಜತಿ, ಚಳಿಗೊಂದು ಜತಿ ಇರತಾವ. ಒಣಾ ರಸ್ತಾದ ಮ್ಯಾಲೆ ಹಿಡದ್ವು ಅಂದ್ರ ಹಲ್ಲಿ ಗ್ವಾಡಿ ಹಿಡದಂಗ" ಎಂದು ಇವರು ಹೆಮ್ಮೆಯಿಂದ ಹೇಳುತ್ತಿದ್ದರು. ಒಣ ರಸ್ತೆ ಇಲ್ಲದಿದ್ದರೆ ಏನು ಎಂದು ನಾನು ಕೇಳಲಿಲ್ಲ, ಇವರೂ ಹೇಳಲಿಲ್ಲ. ಮದುವೆಗೆ ಮೊದಲೇ ಮಾರುಕಟ್ಟೆಯಲ್ಲಿ ಒಟ್ಟಿದ್ದ ಚೀಲಗಳು ಜರಿದು ಬಿದ್ದು ಇವರ ಎಡ ಮೊಣಕಾಲು ಮುರಿದಿತ್ತು. ಕ್ಲಚ್ ತುಳಿಯುವ ಕಾಲು. ಅಂದಿನಿಂದ ಕಾರು ಅಂಗಳದಲ್ಲಿ ಕೋಳಿಗಳಿಗೆ ನೆರಳಾಗಿ ನಿಂತಿತ್ತು.

ಕಾರು ಕಲಿತದ್ದು ಮೆಣಸಿನಕಾಯಿ ಮಾರುಕಟ್ಟೆಯ ಬಯಲಿನಲ್ಲಿ, ಟೆಂಡರ್ ಹರಾಜು ಇಲ್ಲದ ದಿನಗಳಲ್ಲಿ. ಇವರು ಪಕ್ಕದಲ್ಲಿ ಕೂತು "ಬಿಡು, ಬಿಡು, ಸಾವಕಾಶ ಬಿಡು" ಅನ್ನುತ್ತಿದ್ದರು. ನಾನು ಕ್ಲಚ್ ಬಿಟ್ಟ ತಕ್ಷಣ ಕಾರು ಕೊಂಬು ಬಗ್ಗಿಸಿದ ಹೋರಿಯಂತೆ ಹಾರುತ್ತಿತ್ತು. ಚೀಲಗಳ ಮೇಲೆ ಕೂತ ಹಮಾಲರಿಗೆ ಪುಕ್ಕಟೆ ತಮಾಷೆ. "ಏ ಬಂತಲೇ ಕೋಲಾರದ ಮೇಲ್, ಕಾಲು ಮ್ಯಾಲೆ ತಗೋರಿ!" ಎಂದು ಒಬ್ಬ ಕೂಗಿದರೆ ಉಳಿದವರು ನಿಜಕ್ಕೂ ಕಾಲೆತ್ತಿಕೊಳ್ಳುತ್ತಿದ್ದರು. ಬುರ್ಖಾದೊಳಗೆ ನನಗೆ ಬೆವರು ಹರಿಯುತ್ತಿತ್ತು. ಮೂರು ತಿಂಗಳಾದ ಮೇಲೆ ಹಾವೇರಿಯಲ್ಲಿ ಲೈಸೆನ್ಸಿನ ಪರೀಕ್ಷೆ. ಆ ಅಧಿಕಾರಿ ನನ್ನ ಪಕ್ಕದ ಸೀಟಿನೊಳಗೆ ಇಳಿಯಲು ಮೂರು ಸಲ ಪ್ರಯತ್ನಿಸಿದರು. ಒಂದು ಸುತ್ತು ಮುಗಿಯುವ ಮೊದಲೇ, "ಪಾಸಾದ್ರಿ ತಂಗೀ, ಪಾಸಾದ್ರಿ. ನನ್ನ ಇಳಸಿಬಿಡ್ರಿ" ಎಂದರು. ಶಿಡ್ಲಘಟ್ಟದಲ್ಲಿ ನಮ್ಮ ಬೀದಿಯ ಹೆಣ್ಣುಮಕ್ಕಳಲ್ಲಿ ಸೈಕಲ್ ಹತ್ತಿದವರೂ ಇರಲಿಲ್ಲ. ಆ ರಾತ್ರಿ ಅಪ್ಪನಿಗೆ ಕಾಗದ ಬರೆದೆ. ಅಪ್ಪನಿಗೆ ಓದಲು ಬಾರದು. ಬೀದಿಯೆಲ್ಲ ಓದಿಸಿ ಕೇಳಿದರಂತೆ.

ಕಾಲೇಜು ಶುರುವಾಗುವ ಹಿಂದಿನ ದಿನ, ನಾನು ಅಬ್ಬಾ ಎನ್ನುತ್ತಿದ್ದ ಮಾವ ನನ್ನನ್ನು ಕರೆದರು. "ಮಾತು ಕೊಟ್ಟೇನಿ, ಓದು. ಆದ್ರ ಗಾಡಿಗೆ ಒಮ್ಮೆ ಏನರೆ ಆತು ಅಂದ್ರ ಅವತ್ತಿಗೆ ಬಂದ್. ಸೊಸಿ ಹಾದ್ಯಾಗ ಗಾಡಿ ನಿಲ್ಲಿಸ್ಕೊಂಡು ನಿಂತಾಳ ಅಂತ ಮಂದಿ ಬಾಯಿಂದ ನಾ ಕೇಳಬಾರ್ದು. ನಿಮ್ಮತ್ತಿ ಕೂಡ ಬರ್ತಾಳ."

ಆ ಒಂದು ಮಾತಿನಿಂದ ಹಾದಿಯ ಪ್ರತಿ ಕಲ್ಲೂ ನನ್ನ ಡಿಗ್ರಿಗೆ ಎದುರಾಳಿಯಾಯಿತು. ಟೈರ್ ಒಡೆದರೆ ಬಿ.ಎ. ಹೋಯಿತು, ಹೊಟ್ಟೆ ಬಡಿದು ಎಣ್ಣೆ ಸೋರಿದರೆ ಬಿ.ಎ. ಹೋಯಿತು. ಬೆಳಗ್ಗೆ ಎದ್ದ ಕೂಡಲೇ ನಾನು ಬಗ್ಗಿ ಕಾರಿನಡಿ ಎಣ್ಣೆಯ ಕಲೆ ಇದೆಯೇ ಎಂದು ನೋಡುತ್ತಿದ್ದೆ. ಮೂರು ವರ್ಷ, ರಜೆಯ ದಿನ ಬಿಟ್ಟು, ಅದು ತಪ್ಪಲಿಲ್ಲ.

ನಾನು ಅಮ್ಮಾ ಎಂದು ಕರೆಯುತ್ತಿದ್ದ ಅತ್ತೆ ತುಂಗಭದ್ರೆಯ ದಂಡೆಯ ಐರಣಿಯವರು. ಬ್ಯಾಡಗಿ ಮನೆಯಲ್ಲಿ ಎಲ್ಲರದೂ ಉರ್ದು. ನಮ್ಮ ಕಡೆಯ ಉರ್ದುವಿನಲ್ಲಿ ತೆಲುಗು ಸೇರಿದೆ ಎಂದು ನಾದಿನಿಯರು ನಗುತ್ತಿದ್ದುದರಿಂದ ನಾನು ಬಾಯಿ ಬಿಡುವುದೇ ಕಡಿಮೆಯಾಗಿತ್ತು. ಅಮ್ಮನಿಗೆ ಮಾತ್ರ ಹಳ್ಳಿಯ ಕನ್ನಡವೇ ಸಲೀಸು. ಹೀಗಾಗಿ ಆ ಊರಲ್ಲಿ ನನಗೆ ಬೇರೊಬ್ಬರೊಡನೆ ಮನಸ್ಸು ಬಿಚ್ಚಿ ಮಾತಾಡಲು ಸಿಕ್ಕ ಜಾಗ ಆ ಕಾರೊಂದೇ. "ನಿಮ್ಮ ಕಡೆ ರೊಟ್ಟಿ ಮಾಡಂಗಿಲ್ಲಂತಲ್ಲ, ಆ ಉಂಡಿ ಅಗದು ನುಂಗತೀರೇನು?" ಎಂದು ಅಮ್ಮ ಒಮ್ಮೆ ಕೇಳಿದರು. ಮುದ್ದೆಯನ್ನು ಅಗಿಯಬಾರದು, ಜಾರಿಸಬೇಕು ಎಂದೆ. "ಯವ್ವ, ಹಾವು ತಿಂದಂಗ ತಿಂತೀರಿ!" ಎಂದು ದಿಗಿಲುಬಿದ್ದರು.

ನಾನು ಪಾಠದಲ್ಲಿ ಕೂತಿರುವಷ್ಟು ಹೊತ್ತೂ ಅಮ್ಮ ಕಾಲೇಜಿನ ಬೇವಿನ ಮರದಡಿ ಜಪಮಣಿ ಎಣಿಸುತ್ತ ಕಾಯುತ್ತಿದ್ದರು. ಹಾದಿಯಲ್ಲಿ ವೇಗ ತಡೆಯುವ ದಿಬ್ಬ ಬಂದರೆ ಸೀಟಿನಿಂದ ಮೈ ಎತ್ತಿ ಹಿಡಿಯುತ್ತಿದ್ದರು, ಕಾರಿಗೆ ಭಾರ ಆಗಬಾರದೆಂದು. ಎತ್ತರದ ದಿಬ್ಬವಾದರೆ ಇಳಿದೇಬಿಡುತ್ತಿದ್ದರು. ನಾನು ಖಾಲಿ ಕಾರನ್ನು ಓರೆಯಾಗಿ, ಒಂದೊಂದೇ ಗಾಲಿ ದಾಟಿಸುವಾಗ ಅವರು ಬುರ್ಖಾ ಎತ್ತಿ ಹಿಡಿದು ಬಗ್ಗಿ ನೋಡುತ್ತ, "ಬಾ, ಬಾ, ಇನ್ನ ನಾಕು ಬೆರಳು ಜಾಗಾ ಐತಿ... ಹತ್ತಿತು! ಇಲ್ಲ ಇಲ್ಲ, ಬಾ" ಎಂದು ಹೇಳುತ್ತಿದ್ದರು. ಮೋಟೆಬೆನ್ನೂರಿನ ಚಹಾ ಅಂಗಡಿಯವರಿಗೆ ಇದು ದಿನದ ಮೊದಲ ಆಟ.

ನಿಜವಾದ ಹೆದರಿಕೆ ಮಳೆಯದು. ನಮ್ಮ ಕೆಂಪು ಮಣ್ಣು ಮಳೆ ನಿಂತ ಅರ್ಧ ಗಂಟೆಗೆ ಕಾಲೂರಲು ಬಿಡುತ್ತದೆ. ಇಲ್ಲಿನದು ಎರೆ, ಕಪ್ಪು ಮಣ್ಣು. ನೆನೆದರೆ ಅಂಟಾಗುತ್ತದೆ, ಅಂಟು ಆಮೇಲೆ ಬೆಣ್ಣೆಯಾಗುತ್ತದೆ. ಟ್ರ್ಯಾಕ್ಟರುಗಳು ಹೊಲದಿಂದ ಅದನ್ನು ಹೊತ್ತು ತಂದು ಡಾಂಬರಿನ ಮೇಲೆ ಬಳಿಯುತ್ತವೆ. ಬೇಸಿಗೆ ಟೈರಿನ ಇದ್ದಬದ್ದ ಗೀರು ಅದರಿಂದ ತುಂಬಿಕೊಂಡಿತೆಂದರೆ ಸ್ಟೇರಿಂಗ್ ಕೈಯಲ್ಲಿರುತ್ತದೆ, ಕಾರು ಕೈಯಲ್ಲಿರುವುದಿಲ್ಲ. ಎರಡನೇ ವರ್ಷದ ಒಂದು ಬೆಳಗ್ಗೆ ಹೆದ್ದಾರಿಗೆ ಸ್ವಲ್ಪ ಮುಂಚೆ ನಾನು ಬ್ರೇಕ್ ಮೇಲೆ ಕಾಲಿಟ್ಟದ್ದಷ್ಟೇ ಗೊತ್ತು. ಗಿಡ, ಆಕಾಶ, ಎದುರಿನ ಹತ್ತಿ ಲಾರಿಯ ಹಣೆ, ಮತ್ತೆ ಗಿಡ. ಲಾರಿ ಹಾರ್ನ್ ಎಳೆಯುತ್ತ ಒಂದು ಮೊಳದ ಅಂತರದಲ್ಲಿ ಹೋಯಿತು. ಕಾರು ತಿರುಗಿ ನಿಂತಿತ್ತು.

ಅಮ್ಮ ಜಾರಿಬಿದ್ದ ಜಪಮಣಿ ಎತ್ತಿಕೊಂಡರು. ಆಮೇಲೆ, "ಗಾಡಿ ಬ್ಯಾಡಗಿ ಕಡೆ ಮಾರಿ ಮಾಡೈತಿ. ಮನಿಗೆ ಹೋಗೂದೇನು?" ಎಂದರು.

"ಇಲ್ಲಮ್ಮಾ, ಕಾಲೇಜಿಗೆ."

"ಹಂಗಾರ ತಿರಗಸು. ಯಾರೂ ನೋಡಿಲ್ಲ."

ಆ ದಿನ ಪಾಠದಲ್ಲಿ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಹಾಜರಿ ಮಾತ್ರ ಬಿತ್ತು.

ಮೂರನೇ ವರ್ಷದ ಪರೀಕ್ಷೆಯಲ್ಲಿ ಎಲ್ಲ ಆಯಿತು, ಅರ್ಥಶಾಸ್ತ್ರದ ಒಂದು ಪೇಪರ್ ಹೋಯಿತು. ಬಡೇ ಅಬ್ಬಾ ಮನೆಗೆ ಬಂದು, "ಗಾಡಿ ಹೊಡದ್ಲು, ಖರೆ. ನಾ ಸೋತೆ. ಆದ್ರ ಡಿಗ್ರಿ?" ಎಂದು ನನ್ನ ಕೈಯ ಚಹಾ ಕುಡಿದೇ ಹೋದರು. ಆ ಪೇಪರನ್ನು ಮತ್ತೆ ಬರೆಯುವುದು ಅಕ್ಟೋಬರಿನಲ್ಲಿ. ಆಗ ನವಣೆ ಕೊಯ್ಲು.

ಕೊಯ್ದ ತೆನೆಯನ್ನು ರಸ್ತೆಗೆ ಹರಡಿ ವಾಹನಗಳಿಂದ ತುಳಿಸುವುದು ನಮ್ಮ ಕಡೆಯೂ ಉಂಟು. ಹುರುಳಿ ಹರಡಿದ ರಸ್ತೆಯಲ್ಲಿ ಬಸ್ಸು ಹೋದಾಗ ಏಳುವ ಆ ಸದ್ದು ಚಿಕ್ಕವಳಿದ್ದಾಗ ನನಗೆ ಪ್ರಾಣ. ಈ ಕಾರಿಗೆ ಮಾತ್ರ ಅದು ಕೊಳ್ಳಿ. "ಹೊಟ್ಟಿ ಕೆಳಗಿನ ಸೈಲೆನ್ಸರ್ ಅಂದ್ರ ಕಾದ ಹಂಚು. ಒಣಾ ದಂಟು, ಕಣಿಕಿ ಸಿಗಬಿತ್ತಂದ್ರ ಮುಗೀತು. ರಾಶಿ ಮ್ಯಾಲೆ ಎಂದೂ ಒಯ್ಯಬ್ಯಾಡ" ಎಂದು ಇವರು ಮೊದಲ ವಾರವೇ ಹೇಳಿದ್ದರು. ಹಾಗಾಗಿ ಸುಗ್ಗಿ ಬಂದಾಗಲೆಲ್ಲ ನಾನು ಡಾಂಬರು ಬಿಟ್ಟು ಅಂಚಿನ ಮಣ್ಣಿಗಿಳಿದು ಹೋಗುತ್ತಿದ್ದೆ. ರೈತರಿಗೆ ಸಿಟ್ಟು. ಎಲ್ಲ ಗಾಡಿಗಳೂ ತುಳಿದು ಕೊಡುವಾಗ ಇವಳೊಬ್ಬಳು ಪಕ್ಕಕ್ಕೆ ಸರಿಯುತ್ತಾಳಲ್ಲ! ರಾಶಿ ಮಾಡುತ್ತಿದ್ದ ಹೆಂಗಸೊಬ್ಬಳು ದಿನವೂ ಕೂಗುತ್ತಿದ್ದಳು: "ಯಾಕ ಬೇ ಯವ್ವಾ, ನಮ್ಮ ನವಣಿ ನಿನ್ನ ಗಾಡಿಗೆ ಚುಚ್ಚತೈತೇನ?" ನಾನು ತಲೆ ತಗ್ಗಿಸಿ ಹೋಗುತ್ತಿದ್ದೆ. ನಿಲ್ಲಿಸಿ ಹೇಳಬಹುದಿತ್ತು. ಆದರೆ ಹಾದಿಯಲ್ಲಿ ನಿಂತಳೆಂಬ ಸುದ್ದಿ ಮಾವನ ಕಿವಿಗೆ ಹೋದರೆ?

ಪರೀಕ್ಷೆಯ ದಿನ. ಅದಕ್ಕೆ ಮೊದಲು ಎರಡು ದಿನ ಮಳೆ ಹೊಡೆದು ಅಂದು ಬಿಸಿಲು ಬಿದ್ದಿತ್ತು. ಹೊಲ, ಕಣ ಎಲ್ಲ ಕೆಸರು. ಒಣಗಿದ್ದದ್ದು ಡಾಂಬರು ಮಾತ್ರ, ಅದಕ್ಕೇ ಎಲ್ಲರ ನವಣೆಯೂ ಅಲ್ಲಿಗೇ ಬಂದಿತ್ತು. ಈ ಅಂಚಿನಿಂದ ಆ ಅಂಚಿಗೆ, ಗೇಣೆತ್ತರ, ಕಣ್ಣು ಹಾಯುವಷ್ಟು ದೂರ. ಎರಡೂ ಬದಿಗೆ ನೀರು ಕುಡಿದು ಹೊಳೆಯುವ ಎರೆ. ಅಲ್ಲಿಗಿಳಿದರೆ ಈ ಟೈರು ಸಂಜೆಯವರೆಗೂ ಮೇಲೆ ಬರದು. ಕಾರು ನಿಲ್ಲಿಸಿದೆ.

"ಹೋಗೂದೋ, ಹೊಳ್ಳೂದೋ?" ಅಮ್ಮ ಕೇಳಿದರು.

ನಾನು ಒಂದನೇ ಗೇರ್ ಹಾಕಿ ನವಣೆಯ ಮೇಲೆ ಹತ್ತಿಸಿದೆ.

ಹೊಟ್ಟೆಯಡಿ ಸರಸರ ಸದ್ದು. ಕಾರು ಹೋಗುತ್ತಿರುವಂತಿರಲಿಲ್ಲ, ಯಾರೋ ಅಡಿಯಿಂದ ಕೆರೆಯುತ್ತಿರುವಂತಿತ್ತು. ಅರ್ಧ ದಾರಿ ಹೋಗಿರಬೇಕು. ಎಂಜಿನ್ ಏದುಸಿರು ಬಿಡತೊಡಗಿತು.

"ಯಾರೋ ರೊಟ್ಟಿ ಹೊತ್ತಿಸ್ಯಾರ" ಎಂದರು ಅಮ್ಮ.

"ರೊಟ್ಟಿ ಅಲ್ಲಮ್ಮಾ. ಇಳೀರಿ. ಇಳೀರಿ!"

ಆ ಕಾರಿನಿಂದ ಇಳಿಯುವುದೆಂದರೆ ಬಾವಿಯಿಂದ ಹತ್ತಿದಂತೆ. ನಾನು ಸುತ್ತಿ ಓಡಿ ಅವರ ಎರಡೂ ಕೈ ಹಿಡಿದು ಎಳೆದೆ. ಎಳೆಯುವಾಗ ನನ್ನ ಕಾಲ ಹತ್ತಿರವೇ, ಗಾಲಿಯ ಹಿಂದೆ, ಹಳದಿ ಉರಿ ನಾಲಿಗೆ ಚಾಚಿತು. ಹಾಲ್ ಟಿಕೆಟ್ ಕಾರಿನೊಳಗಿತ್ತು. ಮತ್ತೆ ತಲೆ ಒಳಗೆ ಹಾಕಿದೆ. ಅಮ್ಮ ಕಿರುಚಿದ್ದು ಕೇಳಿಸಿತು. ಚೀಲ ಕೈಗೆ ಸಿಕ್ಕಿತು.

ದಿನವೂ ಹಂಗಿಸುತ್ತಿದ್ದ ಹೆಂಗಸೇ ಮೊದಲು ಓಡಿ ಬಂದವಳು, ಕಂಕುಳಲ್ಲಿ ಕುಡಿಯುವ ನೀರಿನ ಕೊಡ. ಹಿಂದೆ ಏಳೆಂಟು ಗಂಡಸರು. "ಹಿಡೀರಿ, ಎತ್ರಿ! ಎತ್ರಿ ಅಂತೇನಿ, ಎಮ್ಮಿಗಿಂತ ಹಗೂರ ಐತಿ!" ಅವರು ಕಾರನ್ನು ಒಂದು ಬದಿಯಿಂದ ಎತ್ತಿಯೇ ಹಿಡಿದರು. ಅವಳು ಬಗ್ಗಿ ಕುಡುಗೋಲಿನಿಂದ ಉರಿಯುವ ಕಣಿಕೆಯನ್ನು ಕಿತ್ತು ಕಿತ್ತು ಎಸೆದಳು, ನೀರು ಸುರಿದಳು. ಬೆಂಕಿ ಆರಿತು. ಕಾರಿನಡಿಯ ವೈರುಗಳು ಕರಗಿ ಜೋತಿದ್ದವು. ಅವಳ ನವಣೆಯೂ ಒಂದಷ್ಟು ಸುಟ್ಟು ಕರಿಯಾಗಿತ್ತು.

"ಇದಕ್ಕಽ ದಿನಾ ಬಾಜೂ ಹಾದು ಹೋಗತಿದ್ದೇನು?" ಅವಳು ಬೆವರು ಒರೆಸಿಕೊಂಡು ಕೇಳಿದಳು. ನಾನು ತಲೆಯಾಡಿಸಿದೆ. "ಬಾಯಿ ಸತ್ತಿತ್ತೇನ ನಿಂದು? ಹೇಳಿದ್ರ ನಾವಽ ಅಷ್ಟು ಸರಿಸಿ ದಾರಿ ಮಾಡಿ ಕೊಡತಿರಲಿಲ್ಲೇನು?"

ನನಗೆ ಆಗ ಅಳು ಬಂತು. ಬೆಂಕಿಗಲ್ಲ, ಕಾರಿಗಲ್ಲ. ಪರೀಕ್ಷೆಗೆ ಐವತ್ತು ನಿಮಿಷ ಉಳಿದಿತ್ತು. "ಮುಗೀತಮ್ಮಾ" ಎಂದೆ. "ಗಾಡಿಗೆ ಆಗಿಹೋಯ್ತು. ಅಬ್ಬಾ ಬಂದ್ ಅಂತಾರೆ."

"ಅನ್ಲಿ" ಎಂದರು ಅಮ್ಮ. "ಇವತ್ತು ಕಡೀ ಪೇಪರ್. ನಾಳಿಂದ ಬಂದ್ ಆದ್ರ ಏನಾತು?" ಅಷ್ಟರಲ್ಲಿ ಹಿಂದಿನಿಂದ ಬಸ್ಸು ಬಂತು. ಬ್ಯಾಡಗಿಯ ಸಾಹೇಬರ ಹೆಂಡತಿ, ಐವತ್ತೆಂಟು ವರ್ಷದವರು, ನಡುರಸ್ತೆಯಲ್ಲಿ ನಿಂತು ಎರಡೂ ಕೈ ಎತ್ತಿದರು.

ಬಸ್ಸಿನಲ್ಲಿ ಯಾರೂ ನಮ್ಮನ್ನು ತಿನ್ನಲಿಲ್ಲ. ಒಬ್ಬ ಮುದುಕ ಎದ್ದು ಅಮ್ಮನಿಗೆ ಜಾಗ ಕೊಟ್ಟ. ನವಣೆಯ ಮೇಲೆ ಬಸ್ಸು ಸಲೀಸಾಗಿ ಹೋಯಿತು, ದಿಬ್ಬಗಳು ಬಂದದ್ದೇ ಗೊತ್ತಾಗಲಿಲ್ಲ. ಕಂಬಿ ಹಿಡಿದು ನಿಂತ ನನಗೆ ಒಂದು ಯೋಚನೆ ಬಂತು, ಅದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಮೂರು ವರ್ಷ ನಾನು ಜೀವ ಕೈಯಲ್ಲಿ ಹಿಡಿದು ದಾಟಿದ ಹಾದಿ ಇಷ್ಟೇಯೇ? ಹೊಲಿಗೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕಡಲೆ ತಿನ್ನುತ್ತ ಹೋಗುವ ಹಾದಿಯೇ?

ಪರೀಕ್ಷೆಗೆ ಹದಿನೈದು ನಿಮಿಷ ತಡವಾಗಿ ಕೂತೆ. ಕೈಯಲ್ಲಿ ಮಸಿ, ಬುರ್ಖಾದ ಅಂಚು ಸುಟ್ಟಿತ್ತು. ಬರೆದೆ.

ಸಂಜೆ ನಾವು ಬಸ್ಸಿಳಿದಾಗ ಮಾವ ಅದೇ ಜಾಗದಲ್ಲಿ ಕಾರಿನ ಮುಂದೆ ನಿಂತಿದ್ದರು. ಇವರು ಕೋಲೂರಿಕೊಂಡು, ಕಾರಿನ ನೆತ್ತಿ ಸವರುತ್ತ ನಿಂತಿದ್ದರು. ಮಾವ ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದರು: "ಬಂದ್ ಅಂದಿದ್ರೆಲ್ಲ? ಮಾಡ್ರಿ ಬಂದ್. ಆಕಿ ಬರದು ಬಂದ್ಳು." ಮಾವ ನನ್ನನ್ನೊಮ್ಮೆ, ಸುಟ್ಟ ನವಣೆಯನ್ನೊಮ್ಮೆ ನೋಡಿದರು. ಮರುದಿನ ಆ ಹೆಂಗಸಿನ ಮನೆಗೆ ಒಂದು ಚೀಲ ಜೋಳ ಹೋಯಿತು. ನನ್ನೊಡನೆ ಆ ವಿಷಯ ಅವರು ಎಂದೂ ಎತ್ತಲಿಲ್ಲ.

ಇದೆಲ್ಲ ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಹಾವೇರಿ ಆಗಿನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು. ಈಗ ನಾನು ಶಿಡ್ಲಘಟ್ಟಕ್ಕೆ ಬಂದರೆ, ನಮ್ಮ ಬೀದಿಯವರೇ ಆದ ನೀವು, "ಏನೇ ಶಮೀಮು, ಐತಿ ಹೋಗೈತಿ ಅಂತೀಯಾ" ಎಂದು ನಗುತ್ತೀರಿ. ಬ್ಯಾಡಗಿಯಲ್ಲಿ ಇಂದಿಗೂ ನಾನು ಕೋಲಾರದಾಕಿ. ಗೂಡಿನ ವಾಸನೆ ಈಗ ನನಗೂ ಮೂಗಿಗೆ ಹೊಡೆಯುತ್ತದೆ. ಮೊನ್ನೆ ಬಂದಾಗ ನಮ್ಮಪ್ಪನ ಎದುರೇ ಮೂಗು ಮುಚ್ಚಿಕೊಂಡೆ. ಅವರು ನೋಡಿಯೂ ನೋಡದಂತೆ ಇದ್ದರು.

ಪದವಿಯ ಪ್ರಮಾಣಪತ್ರ ಬಂದಿದೆಯೆಂದು ತಿಳಿದಾಗ ಅಮ್ಮ ತಾವೂ ಹೊರಟರು. ಕಾಲೇಜಿನ ಕಚೇರಿಯಲ್ಲಿ ಗುಮಾಸ್ತರು ರುಜು ಹಾಕಿಸಿಕೊಂಡು ಅದನ್ನು ನನ್ನ ಕೈಗಿಟ್ಟರು. ಎಸ್. ಶಮೀಮ್ ಎಂದಿತ್ತು. ಎಸ್ ಎಂದರೆ ಶಿಡ್ಲಘಟ್ಟ, ನಮ್ಮ ಕಡೆ ಊರು ಹೆಸರಿನ ಮುಂದೆ ಬರುತ್ತದೆ. ಈ ಕಡೆ ಹೆಸರಿನ ಹಿಂದೆ ಮನೆತನದ ಅಡ್ಡಹೆಸರು. ಅದು ಇರಲಿಲ್ಲ. ಅಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಾಗದ ಹಿಡಿದರು. "ನಮ್ಮ ಮನಿ ಹೆಸರು ಎಲ್ಲೈತಿ ಇದ್ರಾಗ?" ಎಂದರು. ಇಲ್ಲಮ್ಮಾ, ನಮ್ಮೂರಿನದು ಇದೆ ಎಂದೆ. ಅವರು ತಲೆಯಾಡಿಸಿ ಬಹಳ ಹೊತ್ತು ಆ ಮುದ್ರೆಯ ಮೇಲೆ ಬೆರಳಾಡಿಸಿದರು.

"ಅಮ್ಮಾ, ಒಂದು ಕೇಳ್ತೇನಿ" ಎಂದೆ. "ಆ ಕಾರಿನ್ಯಾಗ ನಿಮಗ ಅಂಜಿಕಿ ಆಗತಿರಲಿಲ್ಲೇನು?"

"ದಿನಾ ಆಗತಿತ್ತು. ಇಳಿಯೂಮಟ ಜೀವ ಬಾಯಾಗಽ ಇರತಿತ್ತು."

"ಮತ್ತ ಯಾಕ ಬರತಿದ್ರಿ? ಅಬ್ಬಾ ಹೇಳ್ಯಾರಂತನಾ?"

"ಅವರು ಹೇಳಿದ್ದು ಒಂದ ತಿಂಗಳಿನ ಮಾತು. ಆಮ್ಯಾಲೆ ನಿನ್ನ ಒಬ್ಬಾಕೀನ್ನಽ ಕಳಸ್ತೇನಿ ಅಂದಿದ್ರು." ಅಮ್ಮ ಕಾಗದವನ್ನು ಮಡಿಸದೆ, ಹಾಗೆಯೇ ನನ್ನ ಕೈಗೆ ಕೊಟ್ಟರು. "ನಾನಽ ಬ್ಯಾಡ ಅಂದೆ. ಒಬ್ಬಾಕೀನಽ ಅಂಜಕೋಂತ ಹೋಗಬಾರ್ದು ನೀ ಅಂತ."